ಲ್ಯಾಟಿನ್ನಿನ ‘ಕ್ರೇದೋ’, ನಮ್ಮ ‘ಶ್ರದ್ಧೆ’: ಈ ನೆಂಟಸ್ತನ ನಿಜವೇ?

ಪ್ರಶ್ನೆ: ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾಟ್ಸಾಪ್‌ನಲ್ಲಿ ಒಂದು ಬರಹ ಬಂತು. ‘ಕ್ರೆಡಿಟ್’ ಎಂಬ ಪದ ಲ್ಯಾಟಿನ್ನಿನ ‘ಕ್ರೇದೋ’ ಎಂಬ ಕ್ರಿಯಾಪದದಿಂದ ಬಂದಿದೆ, ಆ ಕ್ರೇದೋ ಸಂಸ್ಕೃತದ ‘ಶ್ರದ್ಧಾ’ದಿಂದ ಹುಟ್ಟಿದ್ದು, ಶ್ರದ್ಧಾ ಅಂದರೆ ‘ಹೃದಯವನ್ನು ಇಡುವುದು’ ಎಂದು ಅದರಲ್ಲಿತ್ತು. ಇದು ಎಷ್ಟು ನಿಜ? ನಂಬಿಕೆಯ ಪದ ಸಾಲದ ಪದವಾಗಿದ್ದು ಯಾವಾಗ? ಹಾಗಾದರೆ ‘ಡೆಬಿಟ್’ ಎಲ್ಲಿಯದು?

ಉತ್ತರ: ನಿಮಗೆ ಬಂದ ಬರಹದಲ್ಲಿ ಮೂರು ಮಾತುಗಳಿವೆ. ಮೊದಲನೆಯದು ಪೂರ್ತಿ ಸರಿ. ಎರಡನೆಯದರಲ್ಲಿ ನೆಂಟಸ್ತನ ಸರಿ, ಆದರೆ ಯಾರು ಯಾರ ಮಗಳು ಅನ್ನೋದು ತಪ್ಪು. ಮೂರನೆಯದು ವಿದ್ವಾಂಸರು ಇವತ್ತಿಗೂ ಜಗಳ ಆಡುವ ವಿಷಯ. ಅಲ್ಲಿ ನನಗೂ ಒಂದು ಪಕ್ಷ ಇದೆ, ಹೇಳುತ್ತೇನೆ. ಇನ್ನು ‘ನಂಬಿಕೆಯ ಪದ ಸಾಲದ ಪದ ಆಗಿದ್ದು ಯಾವಾಗ’ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅದು ‘ಆಗಿದ್ದಲ್ಲ’, ಮೊದಲಿನಿಂದಲೂ ಇದ್ದದ್ದು.

ಉಚ್ಚಾರಣೆಯಿಂದ ಶುರು ಮಾಡೋಣ. ಇಂಗ್ಲಿಷಿನವರ ಬಾಯಲ್ಲಿ ಅದು ‘ಕ್ರೀಡೊ’ ಆಗುತ್ತದೆ. ರೋಮನ್ನರ ‘ದ’ ನಮ್ಮ ದಂತ್ಯ ‘ದ’ದ ಹಾಗೇ ಇತ್ತು. ಹಾಗಾಗಿ ‘ಕ್ರೇದೋ’ ಎಂದರೆ ಸರಿಯಾಗುತ್ತದೆ. ಅರ್ಥ ‘ನಂಬುತ್ತೇನೆ’, ಜೊತೆಗೆ ‘ಒಪ್ಪಿಸುತ್ತೇನೆ’, ‘ಸಾಲ ಕೊಡುತ್ತೇನೆ’. ‘ಕ್ರೇದಿದೀ’ ಅಂದರೆ ನಂಬಿದೆ. ‘ಕ್ರೇದಿತುಮ್’ ಅಂದರೆ ನಂಬಿ ಕೊಟ್ಟದ್ದು, ಅಂದರೆ ಸಾಲ. ನಿಮ್ಮ ಕ್ರೆಡಿಟ್ ಇದರಿಂದಲೇ ಬಂದಿದೆ.

ಈಗ ‘ಕ್ರೇದೋ’ ಮತ್ತು ‘ಶ್ರದ್ಧಾ’ ಎರಡನ್ನೂ ಪಕ್ಕಪಕ್ಕ ಇಡಿ. ಒಂದರಲ್ಲಿ ಕ, ಇನ್ನೊಂದರಲ್ಲಿ ಶ. ಒಂದರಲ್ಲಿ ದ, ಇನ್ನೊಂದರಲ್ಲಿ ದ್ಧ. ಕಿವಿಗೆ ಹತ್ತಿರ ಕೇಳಿಸುತ್ತವೆ ಎಂದು ನೆಂಟಸ್ತನ ಹೇಳುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳಹೊರಟರೆ ಯಾವ ಪದವನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು. ನೋಡಬೇಕಾದ್ದು ಬೇರೆ: ಇದೇ ಕ-ಶ ಜೋಡಿ ಬೇರೆ ಪದಗಳಲ್ಲೂ ತಪ್ಪದೆ ಬರುತ್ತದಾ?

ಬರುತ್ತದೆ. ಲ್ಯಾಟಿನ್ನಿನಲ್ಲಿ ನೂರಕ್ಕೆ ‘ಕೆಂತುಮ್’, ಸಂಸ್ಕೃತದಲ್ಲಿ ‘ಶತಮ್’. ಹತ್ತಕ್ಕೆ ‘ದೆಕೆಮ್’, ಇಲ್ಲಿ ‘ದಶ’. ಹೆಸರುವಾಸಿಯಾದವನಿಗೆ ಅಲ್ಲಿ ‘ಇನ್‌ಕ್ಲುತುಸ್’, ಇಲ್ಲಿ ‘ಶ್ರುತ’. ಕುದುರೆಗೆ ‘ಎಕ್ವುಸ್’, ಇಲ್ಲಿ ‘ಅಶ್ವ’. ಇದು ಕಾಕತಾಳೀಯ ಅಲ್ಲ, ನಿಯಮ. ಮೂಲದಲ್ಲಿ ನಾಲಿಗೆಯನ್ನು ಸ್ವಲ್ಪ ಮುಂದೊತ್ತಿ ಹೇಳುವ ಒಂದು ‘ಕ್’ ಇತ್ತು. ಲ್ಯಾಟಿನ್ ಅದನ್ನು ಕ ಆಗಿ ಉಳಿಸಿಕೊಂಡಿತು. ಸಂಸ್ಕೃತದ ಕಡೆ ಅದು ಶ ಆಯಿತು.

ಲ್ಯಾಟಿನ್ ಪದ ಸಂಸ್ಕೃತದ ಮಗಳಲ್ಲ ಅನ್ನುವುದಕ್ಕೆ ಸಾಕ್ಷಿಯೂ ಇಲ್ಲೇ ಇದೆ. ಸಂಸ್ಕೃತದ ಶ್ರದ್ಧಾದಿಂದ ಲ್ಯಾಟಿನ್ ಪದ ಹುಟ್ಟಿದ್ದರೆ ಅದಕ್ಕೆ ಕ ಎಲ್ಲಿಂದ ಬಂತು? ಕ ಸವೆದು ಚ ಅಥವಾ ಶ ಆಗುವುದು ಲೋಕದ ಎಷ್ಟೋ ಭಾಷೆಗಳಲ್ಲಿ ನಡೆದಿದೆ. ನಮ್ಮ ಮನೆಯಲ್ಲೇ ನೋಡಿ. ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ನಮ್ಮ ‘ಕಿರು’ ತಮಿಳಿನಲ್ಲಿ ‘ಸಿಱು’. ಹಳೆಯ ಕ ಕನ್ನಡದಲ್ಲಿ ಉಳಿಯಿತು, ಅಕ್ಕಪಕ್ಕದಲ್ಲಿ ಬದಲಾಯಿತು. ಹಿಂದಕ್ಕೆ, ಅಂದರೆ ಶ ಇದ್ದದ್ದು ಸಾಲುಸಾಲಾಗಿ ಕ ಆಗುವುದನ್ನು ತೋರಿಸಿ ಎಂದರೆ ಕಷ್ಟ. ಈ ಒಂದು ಅಕ್ಷರದ ವಿಷಯದಲ್ಲಿ ಲ್ಯಾಟಿನ್ನೇ ಹಳೆಯದನ್ನು ಇಟ್ಟುಕೊಂಡಿದೆ. ಹಾಗಂತ ಸಂಸ್ಕೃತ ಲ್ಯಾಟಿನ್ನಿನ ಮಗಳೂ ಅಲ್ಲ, ಯಾಕೆಂದರೆ ‘ಧ’ದ ವಿಷಯದಲ್ಲಿ ಹಳೆಯದನ್ನು ಇಟ್ಟುಕೊಂಡಿರುವುದು ಸಂಸ್ಕೃತ.

ಆ ‘ಧ’ ಲ್ಯಾಟಿನ್ನಿನಲ್ಲಿ ಆಡಿದ ಆಟ ಸ್ವಾರಸ್ಯವಾಗಿದೆ. ಪದದ ಮೊದಲಲ್ಲಿ ಇದ್ದರೆ ಅದು ಫ ಆಗುತ್ತದೆ: ನಮ್ಮ ‘ಧೂಮ’ ಅಲ್ಲಿ ‘ಫೂಮುಸ್’. ನಡುವೆ ಇದ್ದರೆ ಸಾಮಾನ್ಯವಾಗಿ ದ: ‘ಮಧ್ಯ’ ಅಲ್ಲಿ ‘ಮೆದಿಉಸ್’. ಪಕ್ಕದಲ್ಲಿ ರ ಇದ್ದರೆ ಬ: ‘ರುಧಿರ’ದ ನೆಂಟ ‘ರುಬೆರ್’, ಅಂದರೆ ಕೆಂಪು. ಕ್ರೇದೋದಲ್ಲಿ ಧ ನಡುವೆ ಇದೆ, ದ ಆಗಿದೆ. ಲೆಕ್ಕ ಸರಿಹೋಯಿತು.

ಇನ್ನೊಂದು ಸಣ್ಣ ಗುರುತು ಇದೆ. ಕ್ರೇದೋದ ‘ಕ್ರೇ’ ದೀರ್ಘ. ಯಾಕೆ ದೀರ್ಘ? ಮೂಲ ರೂಪದಲ್ಲಿ ಒಂದು ದ, ಅದರ ಹಿಂದೆಯೇ ಒಂದು ಧ ಇತ್ತು. ಹಾಗೆ ಎರಡು ದಂತ್ಯಗಳು ಒಂದಕ್ಕೊಂದು ತಾಗಿದರೆ ನಡುವೆ ಗುಂಯ್ ಎನ್ನುವ ‘ಜ಼’ ಸದ್ದು ಹುಟ್ಟುತ್ತಿತ್ತು. ಲ್ಯಾಟಿನ್ ಆ ಜ಼ ಸದ್ದನ್ನು ನುಂಗಿತು, ನುಂಗಿದ್ದಕ್ಕೆ ಬದಲಾಗಿ ಹಿಂದಿನ ಸ್ವರವನ್ನು ಎಳೆಯಿತು. ಗೂಡಿಗೆ ಲ್ಯಾಟಿನ್ನಿನ ಪದ ‘ನೀದುಸ್’. ಅದರ ‘ನೀ’ ಕೂಡ ಹೀಗೇ ದೀರ್ಘವಾದದ್ದು. ಸಂಸ್ಕೃತದ ‘ನೀಡ’, ಇಂಗ್ಲಿಷಿನ ‘ನೆಸ್ಟ್’ ಎರಡೂ ಅದರ ಒಡಹುಟ್ಟು. ಇಂಗ್ಲಿಷಿನಲ್ಲಿ ಆ ಸ ಇನ್ನೂ ಕೂತಿದೆ ನೋಡಿ. ನಮ್ಮ ಪದದ ವಿಷಯದಲ್ಲಿ ಆ ನುಂಗಿದ ಸದ್ದನ್ನು ಉಳಿಸಿಕೊಂಡದ್ದು ಹಳೆಯ ಇರಾನಿನ ಅವೆಸ್ತಾ ಭಾಷೆ. ಅಲ್ಲಿ ನಂಬುವವನಿಗೆ ‘ಜ಼್ರಜ಼್ದಾ’ ಎನ್ನುತ್ತಾರೆ. ನಡುವಿನ ‘ಜ಼್ದ’ ಇದೆಯಲ್ಲ, ಅದೇ. ಈ ಪದದ ಮೊದಲ ಅಕ್ಷರವನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾಗಿ ಸಂಬಂಧ ಅಕ್ಕತಂಗಿಯರದು. ತಾಯಿ ಯಾವ ಕಲ್ಲಿನ ಮೇಲೂ, ಯಾವ ಓಲೆಯಲ್ಲೂ ಬರೆದಿಡದೆ ಹೋದ ಭಾಷೆ. ಅದನ್ನು ಇಂಡೋ-ಯುರೋಪಿಯನ್ ಮೂಲಭಾಷೆ ಎಂದು ಕರೆಯುತ್ತೇವೆ. ಅದರ ಪದಗಳನ್ನು ಮಕ್ಕಳ ಮುಖ ನೋಡಿ ಊಹಿಸಿ, ಮುಂದೆ ಒಂದು ನಕ್ಷತ್ರ ಹಾಕಿ ಬರೆಯುತ್ತೇವೆ. 1786ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬುಡದಿಂದ ಬಂದಿರಬೇಕು, ಆ ಬುಡ ಬಹುಶಃ ಈಗ ಉಳಿದಿಲ್ಲ ಎಂದು ಹೇಳಿದ್ದು ಈ ತಾಯಿಯ ಬಗ್ಗೆಯೇ.

ಸದ್ದಿನ ಲೆಕ್ಕಕ್ಕಿಂತ ನನಗೆ ಜಾಸ್ತಿ ಇಷ್ಟವಾಗುವ ಸಾಕ್ಷಿ ಋಗ್ವೇದದಲ್ಲಿದೆ. ಎರಡನೇ ಮಂಡಲದ ಹನ್ನೆರಡನೇ ಸೂಕ್ತ ಇಂದ್ರನ ಮೇಲಿನದು. ‘ಸ ಜನಾಸ ಇಂದ್ರಃ’ ಎಂಬ ಪಲ್ಲವಿ ಬರುತ್ತದೆ: ಜನರೇ, ಅವನೇ ಇಂದ್ರ. ಅದರ ಐದನೇ ಮಂತ್ರದಲ್ಲಿ ಅನುಮಾನದ ಜನ ಬರುತ್ತಾರೆ. ‘ಎಲ್ಲಿದ್ದಾನೆ ಅವನು?’ ಎಂದು ಕೇಳುತ್ತಾರೆ. ‘ಅವನು ಇಲ್ಲವೇ ಇಲ್ಲ’ ಎಂದೂ ಹೇಳುತ್ತಾರೆ. ಇಷ್ಟು ಹಳೆಯ ಕಾಲದಲ್ಲೇ ಇಂಥ ಮಾತು! ಕವಿ ಅವರಿಗೆ ಉತ್ತರ ಕೊಡುತ್ತಾನೆ. ಇಂದ್ರ ಹಗೆಯ ಸಂಪತ್ತನ್ನು ಜೂಜಿನ ಪಣದ ಹಾಗೆ ಕರಗಿಸಿಬಿಡುತ್ತಾನೆ, ಆದ್ದರಿಂದ ‘ಶ್ರದ್ ಅಸ್ಮೈ ಧತ್ತ’: ಅವನನ್ನು ನಂಬಿ.

ಈ ಮೂರು ಪದಗಳನ್ನು ನಿಧಾನವಾಗಿ ಓದಿ. ‘ಶ್ರತ್’ ಬೇರೆ, ‘ಧತ್ತ’ ಬೇರೆ. ನಡುವೆ ‘ಅಸ್ಮೈ’ ಎಂಬ ಇನ್ನೊಂದು ಪದ ಬಂದು ಕೂತಿದೆ. ಅಂದರೆ ಆ ಕಾಲದವರಿಗೆ ಇದು ಒಂದೇ ಪದವಲ್ಲ, ಎರಡು ಪದಗಳ ಜೋಡಿ. ‘ಧತ್ತ’ ಎಂದರೆ ಇಡಿ. ಧಾ ಧಾತು ನಿಮಗೆ ಚೆನ್ನಾಗಿ ಗೊತ್ತು: ನಿಧಿ, ಸಂಧಿ, ವಿಧಾನ, ಸಮಾಧಾನ ಎಲ್ಲದರಲ್ಲೂ ಇರುವುದು ಅದೇ. ವಿಧಾನಸೌಧದ ‘ಧಾ’ ಕೂಡ ಅದೇ. ಇಂಗ್ಲಿಷಿನ ‘ಡೂ’, ‘ಡೀಡ್’, ಲ್ಯಾಟಿನ್ನಿನಲ್ಲಿ ‘ಮಾಡು’ ಅನ್ನುವ ‘ಫಾಕಿಯೋ’ ಇದರ ದಾಯಾದಿಗಳು.

ಇನ್ನು ‘ಅಸ್ಮೈ’. ಇದು ಚತುರ್ಥಿ, ಅಂದರೆ ‘ಅವನಿಗೆ’. ಕನ್ನಡದಲ್ಲಿ ನಾವು ‘ಅವನಿಗೆ ನಂಬು’ ಎನ್ನುವುದಿಲ್ಲ, ‘ಅವನನ್ನು ನಂಬು’ ಎನ್ನುತ್ತೇವೆ. ವೇದದಲ್ಲಿ ‘ಅವನಿಗೆ’. ಲ್ಯಾಟಿನ್ನಿನಲ್ಲೂ ಹಾಗೇ. ರೋಮಿನ ವಾಗ್ಮಿ ಸಿಸೆರೊ ತನ್ನ ಕಾಗದಗಳಲ್ಲಿ ಮತ್ತೆಮತ್ತೆ ಬರೆಯುವ ಮಾತು ‘ಮಿಹಿ ಕ್ರೇದೆ’, ನನ್ನನ್ನು ನಂಬು ಅಂತ. ಅಕ್ಷರಶಃ ಮಾಡಿದರೆ ‘ನನಗೆ ನಂಬು’. ಆ ‘ಮಿಹಿ’ ಕೂಡ ಸಂಸ್ಕೃತದ ‘ಮಹ್ಯಮ್’ನ ನೆಂಟ. ಸುಮ್ನೆ ಪದ ಹೋಲುವುದು ಬೇರೆ, ಪದದ ಜೊತೆ ವಿಭಕ್ತಿಯೂ ಹೋಲುವುದು ಬೇರೆ. ಹೀಗೆ ವ್ಯಾಕರಣವೂ ಜೊತೆಗೆ ಬಂದಾಗ ಅನುಮಾನಕ್ಕೆ ಜಾಗ ಕಡಿಮೆ.

ರೋಮನ್ನರಿಗೂ ಇದು ಜೋಡಿಪದ ಅನ್ನುವ ಅರಿವು ಮಸುಕಾಗಿ ಉಳಿದಿತ್ತು. ಕ್ರಿಸ್ತಪೂರ್ವ 184ರಲ್ಲಿ ತೀರಿಕೊಂಡ ಎನ್ನುವ ನಾಟಕಕಾರ ಪ್ಲಾಟಸ್ ‘ಕ್ರೇದುಆಸ್’ ಎಂಬ ರೂಪ ಬಳಸುತ್ತಾನೆ. ಅದು ‘ಕೊಡು’ ಎನ್ನುವ ಕ್ರಿಯಾಪದದ ಹಳೆಯ ರೂಪಗಳ ಅಚ್ಚು. ‘ಇಡು’ ಮತ್ತು ‘ಕೊಡು’ ಎರಡೂ ಲ್ಯಾಟಿನ್ ಜೋಡಿಪದಗಳ ಬಾಲದಲ್ಲಿ ಒಂದೇ ಥರ ಕೇಳಿಸುವಂತೆ ಆಗಿಬಿಟ್ಟಿದ್ದವು. ಹಾಗಾಗಿ ಅವರು ‘ಕ್ರೇ-ಕೊಡು’ ಎಂದುಕೊಂಡರು. ತಪ್ಪು ತಿಳುವಳಿಕೆ, ಆದರೆ ಎರಡು ತುಂಡು ಇದೆ ಅನ್ನುವುದು ಸರಿ.

ಈ ಪದ ಲ್ಯಾಟಿನ್ ಮತ್ತು ಸಂಸ್ಕೃತ-ಇರಾನ್ ಕಡೆ ಮಾತ್ರ ಅಲ್ಲ, ಕೆಲ್ಟಿಕ್ ಭಾಷೆಗಳಲ್ಲೂ ಇದೆ. ಹಳೆಯ ಐರಿಷ್‌ನಲ್ಲಿ ನಂಬುತ್ತಾನೆ ಎನ್ನುವುದಕ್ಕೆ ‘ಕ್ರೆದಿದ್’ ಎನ್ನಬಹುದಾದ ಒಂದು ರೂಪ, ವೆಲ್ಷ್‌ನಲ್ಲಿ ನಂಬು ಎನ್ನುವುದಕ್ಕೆ ‘ಕ್ರೆದಿ’ ಎಂದು ಕೇಳಿಸುವ ಪದ. ‘ಪಾದ್ರಿಗಳ ಜೊತೆ ಲ್ಯಾಟಿನ್ನಿನಿಂದ ಹೋಗಿರಬಹುದು ಅಲ್ವಾ?’ ಎಂದು ನೀವು ಕೇಳಬಹುದು. ಒಳ್ಳೆಯ ಅನುಮಾನ. ವೆಲ್ಷ್ ಭಾಷೆಯೇ ಉತ್ತರ ಕೊಡುತ್ತದೆ. ಅದು ಲ್ಯಾಟಿನ್ನಿನ ‘ಫಿದೇಸ್’, ಅಂದರೆ ವಿಶ್ವಾಸ ಎಂಬ ಪದವನ್ನು ನಿಜಕ್ಕೂ ಎರವಲು ತಂದಿದೆ. ತಂದಾಗ ನಡುವಿನ ದ ಸಡಿಲವಾಗಿ, ಇಂಗ್ಲಿಷಿನ ‘ದಿಸ್’, ‘ದಟ್’ನ ಮೊದಲ ಸದ್ದಿನಂತೆ ಆಯಿತು. ಕ್ರೇದೋವನ್ನೂ ಎರವಲು ತಂದಿದ್ದರೆ ಅದರ ದ ಕೂಡ ಹಾಗೇ ಸಡಿಲವಾಗಬೇಕಿತ್ತು. ಆಗಿಲ್ಲ, ಗಟ್ಟಿಯಾಗಿ ಉಳಿದಿದೆ. ಅಂದರೆ ಹಿಂದೆ ಅಲ್ಲಿ ಒತ್ತಕ್ಷರ ಇತ್ತು. ಪದ ಅವರ ಮನೆಯದೇ.

ಪಶ್ಚಿಮದ ತುದಿಯಲ್ಲಿ ಐರ್ಲೆಂಡ್, ರೋಮ್. ಪೂರ್ವದ ತುದಿಯಲ್ಲಿ ಇರಾನ್, ಭಾರತ. ನಡುವಿನವರ ಬಳಿ ಈ ಪದ ಇಲ್ಲ. ಗ್ರೀಕರು, ಜರ್ಮನರು, ಸ್ಲಾವರು ನಂಬುವುದಕ್ಕೆ ಬೇರೆಬೇರೆ ಪದಗಳನ್ನೇ ಬಳಸುತ್ತಾರೆ. ರಾಜನ ಪದವೂ ಹೀಗೇ ಹಂಚಿದೆ: ಲ್ಯಾಟಿನ್ನಿನಲ್ಲಿ ‘ರೇಕ್ಸ್’, ಕೆಲ್ಟಿಕ್ ಹೆಸರುಗಳ ಬಾಲದಲ್ಲಿ ‘ರೀಕ್ಸ್’, ನಮ್ಮಲ್ಲಿ ‘ರಾಜ’. 1918ರಲ್ಲಿ ಫ್ರೆಂಚ್ ವಿದ್ವಾಂಸ ಜೋಸೆಫ್ ವಾಂದ್ರಿಯೆಸ್ ಇಂಥ ಪದಗಳನ್ನು ಒಟ್ಟು ಮಾಡಿ, ಪೂಜೆ ಮತ್ತು ಕಟ್ಟಳೆಗೆ ಸೇರಿದ ಹಳೆಯ ಮಾತುಗಳು ಎರಡು ಅಂಚುಗಳಲ್ಲಿ ಉಳಿದುಕೊಂಡಿವೆ ಎಂದು ತೋರಿಸಿದ. ಪುರೋಹಿತರ ಗುಂಪು ಬಿಗಿಯಾಗಿದ್ದ ಕಡೆ ಹಳೆಯ ಮಾತು ಹಾಗೇ ಉಳಿಯಿತು ಎಂಬುದು ಅವನ ವಿವರಣೆ. ನನಗೂ ಅದು ಒಪ್ಪಿಗೆ.

ಈಗ ಹೃದಯದ ವಿಷಯ. ‘ಧಾ’ ಅಂದರೆ ಇಡು, ಅದರಲ್ಲಿ ತಕರಾರಿಲ್ಲ. ‘ಶ್ರತ್’ ಅಂದರೆ ಏನು?

ಮೊದಲು ಒಂದು ಮಾತು. ಅದು ಹೃದಯ ಎಂದು ನಮ್ಮ ಹಳೆಯವರು ಹೇಳಿದ್ದಲ್ಲ. ವೇದದ ಪದಗಳನ್ನು ಪಟ್ಟಿ ಮಾಡಿದ ನಿಘಂಟು ‘ಶ್ರತ್’ ಅನ್ನು ಸತ್ಯದ ಹೆಸರುಗಳ ಸಾಲಿನಲ್ಲಿ ಇಡುತ್ತದೆ, ‘ಋತ’ದ ಜೊತೆಗೆ. ಹೃದಯ ಎಂಬುದು 19ನೇ ಶತಮಾನದ ಯುರೋಪಿನ ವಿದ್ವಾಂಸರ ಊಹೆ. ಆ ವಾಟ್ಸಾಪ್ ಬರಹ ಯುರೋಪಿನವರ ಊಹೆಯನ್ನು ನಮ್ಮ ಪುರಾತನ ಜ್ಞಾನ ಎಂದು ತಿರುಗಿಸಿ ನಮಗೇ ಕೊಟ್ಟಿದೆ!

ಊಹೆ ಕೆಟ್ಟದ್ದೇನಲ್ಲ. ಹೃದಯಕ್ಕೆ ಲ್ಯಾಟಿನ್ನಿನಲ್ಲಿ ‘ಕೋರ್’, ವಿಭಕ್ತಿ ಹತ್ತುವಾಗ ‘ಕೋರ್ದ್-’. ಗ್ರೀಕಿನಲ್ಲಿ ‘ಕರ್ದಿಯಾ’, ನಮ್ಮ ಆಸ್ಪತ್ರೆಗಳ ಕಾರ್ಡಿಯಾಲಜಿ ಇದರಿಂದಲೇ. ಲಿಥುವೇನಿಯಾದಲ್ಲಿ ‘ಶಿರ್ದಿಸ್’. ಎಲ್ಲ ಕಡೆ ಕ-ರ-ದ, ಅಥವಾ ಕ ಸವೆದ ಕಡೆ ಶ-ರ-ದ. ‘ಶ್ರದ್’ನಲ್ಲೂ ಶ-ರ-ದ. ಹೊಂದುತ್ತದೆ.

ತೊಂದರೆ ಇರುವುದು ಸಂಸ್ಕೃತದ ‘ಹೃದಯ’ದಲ್ಲೇ. ನಿಯಮದ ಪ್ರಕಾರ ಅದು ‘ಶೃದಯ’ ಆಗಬೇಕಿತ್ತು. ಆಗಲಿಲ್ಲ. ಇರಾನಿನ ಕಡೆಯೂ ಅದು ‘ಜ಼ೆರೆದ್’, ಸ ಇರಬೇಕಾದ ಕಡೆ ಜ಼. ಅಂದರೆ ಭಾರತ-ಇರಾನಿನ ಹಿರಿಯರು ಬೇರೆಯಾಗುವ ಮೊದಲೇ ಹೃದಯದ ಮೊದಲ ಅಕ್ಷರ ದಾರಿ ತಪ್ಪಿತ್ತು. ಈ ನೆಂಟಸ್ತನ ನಿಜವಾದರೆ ಒಂದೇ ಪದ ಸಂಸ್ಕೃತದೊಳಗೆ ‘ಹೃದ್’ ಮತ್ತು ‘ಶ್ರದ್’ ಎಂಬ ಎರಡು ವೇಷದಲ್ಲಿ ಬದುಕಿದೆ ಎಂದಾಗುತ್ತದೆ. ಸಾಧ್ಯ. ಗಟ್ಟಿಯಾಗಿ ಕಟ್ಟಿಕೊಂಡ ಜೋಡಿಪದದೊಳಗೆ ಹಳೆಯ ರೂಪ ಉಳಿದು, ಹೊರಗೆ ಓಡಾಡುವ ಪದ ಬದಲಾಗುವುದು ಎಲ್ಲ ಭಾಷೆಗಳಲ್ಲೂ ಇದೆ.

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅವೆಸ್ತಾದ ‘ಜ಼್ರಜ಼್ದಾ’. ನಿಯಮದ ಪ್ರಕಾರ ಅದು ಸ್ರ ಎಂದು ಶುರುವಾಗಬೇಕಿತ್ತು. ಜ಼್ರ ಆಗಿದೆ. ಯಾಕೆ? ಅವರ ಹೃದಯದ ಪದ ಜ಼ ಇಂದ ಶುರುವಾಗುತ್ತದೆ, ಅದರ ನೆರಳು ಇದರ ಮೇಲೆ ಬಿದ್ದಿದೆ. ಅಂದರೆ ಆ ಜನ ನಂಬುವಾಗ ಹೃದಯವನ್ನು ನೆನೆಯುತ್ತಿದ್ದರು. ಋಗ್ವೇದದ ಹತ್ತನೇ ಮಂಡಲದಲ್ಲಿ ಶ್ರದ್ಧೆಯ ಮೇಲೆಯೇ ಐದು ಮಂತ್ರಗಳ ಒಂದು ಸೂಕ್ತ ಇದೆ, 151ನೆಯದು. ಅದರ ನಾಲ್ಕನೇ ಮಂತ್ರದಲ್ಲೂ ಹೃದಯದ ಸಂಕಲ್ಪ ಮತ್ತು ಶ್ರದ್ಧೆ ಒಂದೇ ಸಾಲಿನಲ್ಲಿವೆ.

ಫ್ರಾನ್ಸಿನ ಭಾಷಾ ವಿದ್ವಾಂಸ ಎಮಿಲ್ ಬೆನ್ವೆನಿಸ್ತ್ 1969ರಲ್ಲಿ ಇದನ್ನು ಒಪ್ಪಲಿಲ್ಲ. ಆ ಹಳೆಯ ಕಾಲದವರಿಗೆ ಹೃದಯ ಎಂದರೆ ಎದೆಯೊಳಗಿನ ಒಂದು ಅಂಗ, ಅದನ್ನು ತೆಗೆದು ಇನ್ನೊಬ್ಬರ ಬಳಿ ‘ಇಡುವ’ ಕಲ್ಪನೆ ಅವರದಲ್ಲ ಎಂಬುದು ಅವನ ವಾದ. ವೇದದ ಮಂತ್ರಗಳನ್ನು ನೋಡಿ ಅವನು ಬೇರೆ ಅರ್ಥ ತೆಗೆದ: ದೇವರು ಕಾದಾಟದಲ್ಲಿ ಇದ್ದಾನೆ, ಭಕ್ತ ತನ್ನ ಬಲವನ್ನು ಅವನ ಕಡೆಗೆ ಹಾಕುತ್ತಾನೆ, ದೇವರು ಗೆದ್ದು ಅದನ್ನು ವರವಾಗಿ ವಾಪಸು ಕೊಡುತ್ತಾನೆ. ಕೊಟ್ಟದ್ದು ಮರಳಿ ಬರುತ್ತದೆ ಎಂಬ ಭರವಸೆಯಿಂದ ಕೊಡುವುದೇ ಶ್ರದ್ಧೆ.

ನನ್ನ ಪಕ್ಷ ಹೀಗೆ. ‘ಶ್ರತ್’ ಹುಟ್ಟಿನಿಂದ ಹೃದಯವೇ ಇರಬಹುದು, ಸದ್ದುಗಳ ಸಾಕ್ಷಿ ಆ ಕಡೆಗೇ ವಾಲುತ್ತದೆ. ಇವತ್ತಿನ ಬಹಳಷ್ಟು ಕೈಪಿಡಿಗಳೂ ಹಾಗೇ ಹೇಳುತ್ತವೆ. ಆದರೆ ಪದ ಬಳಕೆಯಾದ ರೀತಿಯನ್ನು ಬೆನ್ವೆನಿಸ್ತ್ ಸರಿಯಾಗಿ ಹಿಡಿದಿದ್ದಾನೆ. ಈಗ ಹೇಳಿದ ಅದೇ ನಾಲ್ಕನೇ ಮಂತ್ರದ ಕೊನೆ ನೋಡಿ: ‘ಶ್ರದ್ಧಯಾ ವಿಂದತೇ ವಸು’, ಶ್ರದ್ಧೆಯಿಂದ ಸಂಪತ್ತು ಸಿಗುತ್ತದೆ. ಬರೀ ಮನಸ್ಸಿನೊಳಗಿನ ಭಾವನೆಯ ಮಾತಲ್ಲ ಇದು, ಕೊಡು-ತೆಗೆದುಕೊಳ್ಳುವುದರ ಮಾತು.

ಇಲ್ಲಿ ನಿಮ್ಮ ಸಾಲದ ಪ್ರಶ್ನೆ ಬರುತ್ತದೆ. ಮೊದಲು ಪವಿತ್ರವಾದ ನಂಬಿಕೆ ಇತ್ತು, ಆಮೇಲೆ ವ್ಯಾಪಾರಿಗಳು ಅದನ್ನು ಬಡ್ಡಿಗೆ ಎಳೆದರು ಎಂದು ಕತೆ ಹೇಳುವವರಿದ್ದಾರೆ. ಲ್ಯಾಟಿನ್ನಿನ ಹಳೆಯ ಬರಹಗಳಲ್ಲಿ ಅಂಥ ಹಿಂದುಮುಂದು ಕಾಣಿಸುವುದಿಲ್ಲ. ಒಬ್ಬರಿಗೆ ಹಣ ‘ಕ್ರೇದೆರೆ’ ಮಾಡುವುದು, ಗುಟ್ಟು ‘ಕ್ರೇದೆರೆ’ ಮಾಡುವುದು, ಅವರ ಮಾತನ್ನು ‘ಕ್ರೇದೆರೆ’ ಮಾಡುವುದು, ಎಲ್ಲಕ್ಕೂ ಒಂದೇ ಅಚ್ಚು: ವಸ್ತು ದ್ವಿತೀಯೆಯಲ್ಲಿ, ಮನುಷ್ಯ ಚತುರ್ಥಿಯಲ್ಲಿ. ನನ್ನದೊಂದನ್ನು ನಿನ್ನ ಕೈಯಲ್ಲಿ ಇಟ್ಟಿದ್ದೇನೆ, ಅದು ಹಾಳಾಗುವುದಿಲ್ಲ. ನೀವು ಬ್ಯಾಂಕಿನಲ್ಲಿ ದಿನವೂ ಕೇಳುವ ‘ಠೇವಣಿ ಇಡು’, ‘ಅಡ ಇಡು’ ಮತ್ತು ಮನೆಯಲ್ಲಿ ಆಡುವ ‘ನಂಬಿಕೆ ಇಡು’ ಮೂರರಲ್ಲೂ ಒಂದೇ ‘ಇಡು’ ಇದೆಯಲ್ಲ, ಹಾಗೇ. ಆದರೆ ನಮ್ಮ ‘ಇಡು’, ‘ನಂಬು’ ದ್ರಾವಿಡ ಪದಗಳು. ಅವುಗಳಿಗೂ ಕ್ರೇದೋಗೂ ರಕ್ತಸಂಬಂಧ ಏನೂ ಇಲ್ಲ, ಇದನ್ನು ಮುಂದಿನ ವಾಟ್ಸಾಪ್ ಬರಹಕ್ಕೆ ಬಳಸಬೇಡಿ.

ರೋಮಿನ ಕಾನೂನಿನಲ್ಲಿ ‘ಕ್ರೇದಿತುಮ್’ ಗಟ್ಟಿಯಾದ ಪಾರಿಭಾಷಿಕ ಪದ. ಕ್ರಿಸ್ತಶಕ 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಕಾನೂನು ಸಂಗ್ರಹದ ಹನ್ನೆರಡನೇ ಭಾಗ ‘ದೇ ರೇಬುಸ್ ಕ್ರೇದಿತಿಸ್’ ಎಂದೇ ಶುರುವಾಗುತ್ತದೆ, ನಂಬಿ ಕೊಟ್ಟ ವಸ್ತುಗಳ ಬಗ್ಗೆ. ಕ್ರೈಸ್ತರು ಬಂದ ಮೇಲೆ ಇದೇ ಕ್ರಿಯಾಪದ ದೇವರಲ್ಲಿ ವಿಶ್ವಾಸ ಇಡುವುದಕ್ಕೆ ಮೀಸಲಾದಂತಾಯಿತು. ತಮಾಷೆ ಎಂದರೆ, ಲ್ಯಾಟಿನ್ನಿನಲ್ಲಿ ಈ ಕ್ರಿಯಾಪದಕ್ಕೆ ತಕ್ಕ ನಾಮಪದ ಅದರ ಮನೆಯಿಂದಲೇ ಬರಲಿಲ್ಲ. ‘ಶ್ರದ್ಧೆ’ ಎಂಬ ಹೆಸರಿನ ಜಾಗದಲ್ಲಿ ಬೇರೆ ಬುಡದ ‘ಫಿದೇಸ್’ ಬಂದು ಕೂತಿತು. ಶಾಲೆಯಲ್ಲಿ ಬೋನಾಫೈಡ್ ಸರ್ಟಿಫಿಕೇಟ್ ತಂದಿದ್ದೀರಲ್ಲ, ಅದರ ‘ಫೈಡ್’ ಇದೇ. ಸಂಸ್ಕೃತದಲ್ಲಿ ಆದದ್ದು ಉಲ್ಟಾ: ಹೆಸರು ಬೆಳೆಯಿತು, ಕ್ರಿಯಾಪದ ಹಿಂದೆ ಬಿತ್ತು. ಪಾಲಿಯಲ್ಲಿ ‘ಸದ್ಧಾ’ ಆಯಿತು, ಶ್ರದ್ಧೆಯಿಂದ ಮಾಡುವ ಪಿತೃಕಾರ್ಯ ‘ಶ್ರಾದ್ಧ’ವಾಯಿತು, ಕನ್ನಡದ ಮನೆಗಳಲ್ಲಿ ‘ಶ್ರದ್ಧೆಯಿಂದ ಓದು’ ಎಂಬ ಬೈಗುಳವೂ ಆಯಿತು. ಮಲಯಾಳದಲ್ಲಿ ‘ಶ್ರದ್ಧಿಕ್ಕುಗ’ ಎಂದರೆ ಬರೀ ಗಮನ ಕೊಡು ಎಂದಷ್ಟೇ.

ಇಂಗ್ಲಿಷಿಗೆ ಹೋದ ಮಕ್ಕಳಲ್ಲಿ ಕ್ರೀಡ್, ಕ್ರೆಡಿಬಲ್, ಕ್ರೆಡೆನ್ಶಿಯಲ್ ನಿಮಗೇ ಗೊತ್ತಾಗುತ್ತವೆ. ಗುರುತು ಸಿಗದವನು ಒಬ್ಬನಿದ್ದಾನೆ: ‘ಗ್ರಾಂಟ್’. ಫ್ರೆಂಚಿನಲ್ಲಿ ‘ಕ್ರೆಆಂತೆ’ ಎಂದು ಸವೆದು, ಕ ಹೋಗಿ ಗ ಆಗಿ ಇಂಗ್ಲಿಷಿಗೆ ಬಂತು. ತಾಲ್ಲೂಕು ಕಚೇರಿಯಲ್ಲಿ ‘ಜಮೀನು ಗ್ರಾಂಟ್ ಆಗಿದೆ’ ಎನ್ನುವಾಗಲೂ ಕ್ರೇದೋವೇ ಮಾತಾಡುತ್ತಿರುತ್ತದೆ.

ಕೊನೆಗೆ ಡೆಬಿಟ್. ಲೆಕ್ಕದ ಪುಸ್ತಕದಲ್ಲಿ ಜೋಡಿಯಾಗಿ ಕೂತರೂ ಇದಕ್ಕೂ ಕ್ರೆಡಿಟ್‌ಗೂ ನೆಂಟಸ್ತನ ಇಲ್ಲ. ಇದು ಲ್ಯಾಟಿನ್ನಿನ ‘ದೇಬೇರೆ’ಯಿಂದ ಬಂದದ್ದು. ಬಿಡಿಸಿದರೆ ‘ದೇ’ ಮತ್ತು ‘ಹಬೇರೆ’: ಇನ್ನೊಬ್ಬರದನ್ನು ತನ್ನ ಬಳಿ ಇಟ್ಟುಕೊಂಡಿರುವುದು, ಅಂದರೆ ಬಾಕಿ ಇರುವುದು. ‘ಹಬೇರೆ’ ಅಂದರೆ ಹೊಂದಿರುವುದು. ಇಂಗ್ಲಿಷಿನ ‘ಹ್ಯಾವ್’ ಅದರ ಅವಳಿಯ ಹಾಗೆ ಕಾಣುತ್ತದೆ, ಅರ್ಥವೂ ಒಂದೇ. ಆದರೂ ಅವೆರಡೂ ನೆಂಟರಲ್ಲ. ಲ್ಯಾಟಿನ್ನಿನ ಕ ಇಂಗ್ಲಿಷಿನಲ್ಲಿ ಹ ಆಗುವುದು ನಿಯಮ, ಕೋರ್ ಅಲ್ಲಿ ಹಾರ್ಟ್ ಆದ ಹಾಗೆ. ಆ ಲೆಕ್ಕದಲ್ಲಿ ‘ಹ್ಯಾವ್’ನ ನಿಜವಾದ ಒಡಹುಟ್ಟು ‘ಹಿಡಿ’ ಎಂಬ ಅರ್ಥದ ‘ಕಾಪಿಯೋ’, ಕ್ಯಾಪ್ಚರ್ ಹುಟ್ಟಿದ ಪದ.